ಮೀಟರಿನ ಮುಳ್ಳು ಕಾಣದ ಸಂಜೆಗಳು

ಇಳಕಲ್ಲಿನ ತಂಗಿಯ ಮನೆಯಲ್ಲಿ ಚಹಾ ಕುಡಿದು ಬಾಗಲಕೋಟೆಗೆ ವಾಪಸ್ ಹೊರಟಿದ್ದೆವು. ಹುನಗುಂದ ದಾಟುವಷ್ಟರಲ್ಲಿ ಹೊತ್ತು ಮುಳುಗಿತು. ಹೆಡ್‌ಲೈಟ್ ಹಾಕಿದೆ. ರಸ್ತೆ ಬೆಳಗಿತು, ಡ್ಯಾಶ್‌ಬೋರ್ಡ್ ಮಾತ್ರ ಕಪ್ಪಗೇ ಉಳಿಯಿತು. ಸ್ಪೀಡಿನ ಮುಳ್ಳು ಕಾಣಲಿಲ್ಲ, ಪೆಟ್ರೋಲಿನ ಮುಳ್ಳೂ ಕಾಣಲಿಲ್ಲ.

"ಮೀಟರಿನ ಬಲ್ಬ್ ಹೋದ್ವು," ಅಂದರು ಪಕ್ಕದಲ್ಲಿದ್ದ ನಮ್ಮ ಯಜಮಾನರು. ದನಿ ಕೇಳಿದರೆ ಇಂಜಿನ್ನೇ ಉದುರಿಬಿತ್ತು ಅನ್ನಬೇಕು!

ನನಗೋ ಒಳಗೊಳಗೇ ಖುಷಿ. ಯಾಕೆ ಅಂತೀರಾ? ಕಣ್ಣಿಗೆ ದೂರದ್ದು ಮಸುಕಾಗಿ ಅವರು ಡ್ರೈವಿಂಗ್ ಬಿಟ್ಟರು, ಐವತ್ತು ದಾಟಿದ ನಾನು ಕಲಿತೆ. ಅಂದಿನಿಂದ ಅವರಿಗೆ ಒಂದೇ ಉದ್ಯೋಗ, ಸ್ಪೀಡಿನ ಮುಳ್ಳು ಕಾಯುವುದು. "ಅರವತ್ತಾತು, ಸಾವಕಾಶ." "ಮೂವತ್ತರಾಗ ಹೊಂಟೀಯಲ್ಲ, ಎತ್ತಿನ ಚಕ್ಕಡಿ ಮುಂದ ಹೋದ್ವು ನೋಡು." (ಮದುವೆಯಾದಾಗಿನಿಂದ ನನ್ನ ಮುಖವನ್ನೂ ಅಷ್ಟು ಗಮನವಿಟ್ಟು ನೋಡಿದವರಲ್ಲ.)

ಆ ಸಂಜೆ ಅವರಿಗೆ ಹೇಳಲಿಕ್ಕೆ ಏನೂ ಇರಲಿಲ್ಲ. ಕಿಟಕಿ ಇಳಿಸಿದರು. ಯಾರೋ ಹೊಲಕ್ಕೆ ನೀರು ಬಿಟ್ಟಿದ್ದರು. ತೊಯ್ದ ಎರೆಮಣ್ಣಿನ ವಾಸನೆ ಒಳಗೆ ಬಂತು. ಎರಡೂ ಕಡೆ ಜೋಳದ ಬೆಳೆ ತೂಗುತ್ತ ತೂಗುತ್ತ ಹಿಂದೆ ಸರಿಯಿತು. ಕಾರು ಓಡುತ್ತಿದೆಯೋ, ತೇಲುತ್ತಿದೆಯೋ? ನನಗೂ ಗೊತ್ತಾಗಲಿಲ್ಲ. ಶಿರೂರಿನ ದೀಪಗಳು ಕಂಡಾಗ, ಇಷ್ಟು ಬೇಗ ಯಾಕೆ ಬಂದವು ಅನ್ನಿಸಿತು.

ಆಮೇಲೆ ಬೇಕಂತಲೇ ರಿಪೇರಿ ಮುಂದೂಡಿದೆ. ಬಾದಾಮಿಗೆ ಹೋದೆವು, ಮಹಾಕೂಟಕ್ಕೆ ಹೋದೆವು. ಬರುವಾಗ ಸಂಜೆಯಾಗುವಂತೆ ನೋಡಿಕೊಂಡೆ. ಆದರೆ ಅವರು ಬರಬರುತ್ತ ಮಾತೇ ಬಿಟ್ಟರು. ಯಾರದೋ ಮನೆಗೆ ಬಂದ ಬೀಗರ ಹಾಗೆ ತೊಡೆಯ ಮೇಲೆ ಕೈಯಿಟ್ಟು ಕೂರುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ಈ ಗಾಡಿ ಮಾರಿಬಿಡೂಣು," ಅಂದರು.

ಗಾಬರಿಯಿಂದ ಕೇಳಿದೆ, "ಯಾಕ್ರಿ?"

"ಹಂಗ."

ಕೆಟ್ಟ ಗಾಡಿ ಅಂತ ಬೇಸರವೇನೋ ಅಂದುಕೊಂಡು ರವಿವಾರ ಹೋಗಿ ಬಲ್ಬ್ ತಂದೆ. ಶೇಂಗಾ ಕಾಳಿನಷ್ಟಿವೆ! ಅಂಗಡಿಯವರು ನೀಲಿ ಎಲ್ಇಡಿ ಹಾಕಿಸಿ ಅಂದರು ಎಂದೆ. "ಗಾಡಿ ಐತೋ, ಲಗ್ನದ ಹಂದರ ಐತೋ?" ಅಂದರು ಇವರು. ಸದ್ಯ, ಬಾಯಿ ಬಿಟ್ಟರಲ್ಲ!

ಬ್ಯಾಟರಿ ವೈರು ತೆಗೆದು, ಸ್ಕ್ರೂ ಬಿಚ್ಚಿ, ಮೀಟರನ್ನು ಮುಂದಕ್ಕೆ ಎಳೆದವರು ಅವರೇ. ಆದರೆ ಹಿಂದಿನ ಸಂದಿಯಲ್ಲಿ ಅವರ ಕೈ ಹಿಡಿಸಲಿಲ್ಲ. ನನ್ನ ಬಳೆ ತೆಗೆಸಿದರು. "ಹೋಲ್ಡರ್ ಹಿಡಿ. ಸ್ವಲ್ಪ ತಿರುವು. ಜೋರ್ ಮಾಡಬ್ಯಾಡ." ಹಳೆಯ ಬಲ್ಬು ಹೊರಬಂತು. ಗಾಜು ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿತ್ತು.

ಹೊಸದನ್ನು ಕೂಡಿಸುತ್ತ ತಮಾಷೆಗೆ ಅಂದೆ, "ಇನ್ನ ಶುರು ಆತು ನಿಮ್ಮ ಕಾಟ. ಮುಳ್ಳು ಕಾಣದಾಗ ಎಷ್ಟು ಆರಾಮ ಇದ್ನಿ."

ಅವರು ನಗಲಿಲ್ಲ. "ಗಾಡಿ ಹೊಡಿಯೂದು ಬಿಟ್ಟಮ್ಯಾಲೆ ನನಗ ಅದೊಂದ ಉಳದಿತ್ತು," ಅಂದರು. "ಮುಳ್ಳು ನೋಡ್ಕೊಂತ ಕುಂತ್ರ, ನಾನೂ ಹೊಡ್ಯಾಕತ್ತೇನಿ ಅನಸ್ತಿತ್ತು."

ಮೀಟರಿನ ಹಿಂದೆ ನನ್ನ ಕೈ ಹಾಗೇ ನಿಂತಿತು. ನನ್ನ ಡ್ರೈವಿಂಗ್ ಮೇಲೆ ಇವರಿಗೆ ನಂಬಿಕೆಯಿಲ್ಲ ಅಂತಲೇ ನಾನು ಇಷ್ಟು ದಿನ ಸಿಡಿಮಿಡಿಗೊಂಡಿದ್ದು!

ವೈರು ಜೋಡಿಸಿ ಸ್ವಿಚ್ ಹಾಕಿದೆವು. ತಿಳಿಹಸಿರು ಬೆಳಕು ಅವರ ಗಲ್ಲದ ಮೇಲೆ ಬಿತ್ತು.

ಅಂದೇ ಸಂಜೆ ಶಿವಯೋಗ ಮಂದಿರದ ಕಡೆ ಹೊರಟೆವು. ಮಲಪ್ರಭೆಯ ನೀರಿನ ಮೇಲೆ ಇನ್ನೂ ಒಂದಿಷ್ಟು ಆಕಾಶ ಉಳಿದಿತ್ತು. ಅವರು ಮುಳ್ಳು ನೋಡಿದರು, ಏನೂ ಅನ್ನಲಿಲ್ಲ. 'ಕಾಟ' ಅಂದ ನನ್ನ ಮಾತು ನಾಟಿರಬೇಕು.

ನಾನೇ ಕೇಳಿದೆ, "ರೀ, ಎಷ್ಟರಾಗ ಹೊಂಟೇನಿ?"

ನೆಟ್ಟಗೆ ಕೂತರು. ಕನ್ನಡಕ ಸರಿಮಾಡಿಕೊಂಡರು. "ನಲವತ್ತೈದು. ಇನ್ನಷ್ಟು ಬಿಡು, ರಸ್ತಾ ಖಾಲಿ ಐತಿ."

ಬಿಟ್ಟೆ.

ಸ್ಟೀರಿಂಗ್ ನಮ್ಮ ಕೈಗೆ ಬಂದಾಗ, ಅದನ್ನು ಬಿಟ್ಟುಕೊಟ್ಟವರ ಕೈಯಲ್ಲಿ ಏನು ಉಳಿಯಿತು ಅಂತ ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?