ಖಾದರಣ್ಣ ಕಟ್ಟಿದ ಗಂಟು

ಖಾದರಣ್ಣ, ಆ ಗಂಟು ಸಡಿಲವಾಗಿರಲಿಲ್ಲ. ಅಂಬ್ಲಿಗೊಳದ ತಳದಲ್ಲಿ ಅದನ್ನು ಕೈಯಾರೆ ಬಿಚ್ಚಿದವಳು ನಾನು. ಬಿಚ್ಚಿ, ಮೇಲೆ ಬಂದು, ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಮೊದಲು ಇಷ್ಟನ್ನು ಹೇಳಿಬಿಟ್ಟಿದ್ದೇನೆ—ಇಲ್ಲದಿದ್ದರೆ ಸುತ್ತಿ ಬಳಸಿ ಏನೇನೋ ಮಾತಾಡಿ ಮತ್ತೆ ತಪ್ಪಿಸಿಕೊಳ್ಳುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ನಿನ್ನನ್ನೂ ನನ್ನನ್ನೂ ಅರಿಯದವರು ಇದನ್ನು ಓದಿದರೆ ಅವರಿಗೂ ತಿಳಿಯಲಿ. ನಾನು ರೇಣುಕಾ, ಸೊರಬದ ಉಳವಿ ಕಡೆಯವಳು, ಕುರಿ ಸಾಕುವ ಮನೆಯ ಹೆಣ್ಣು. ಮುರ್ಡೇಶ್ವರದಲ್ಲಿ ಕೆಲಸಕ್ಕಿದ್ದಾಗ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿಯುವ ಸ್ಕೂಬಾ ಡೈವಿಂಗ್ ಕಲಿತೆ. ಊರಿಗೆ ಮರಳಿದ ಮೇಲೆ ಅದೇ ಹೊಟ್ಟೆಪಾಡಾಯಿತು. ಅಂಬ್ಲಿಗೊಳದ ಜಲಾಶಯದಲ್ಲಿ ರೈತರ ನೀರೆತ್ತುವ ಮೋಟರ್ ಮುಳುಗಿದರೆ ಹುಡುಕಿ, ಮೇಲಕ್ಕೆಳೆಯಲು ಅದಕ್ಕೆ ಮಿಣಿ, ಅಂದರೆ ದಪ್ಪ ಹಗ್ಗ, ಬಿಗಿದು ಬರುವುದು ನನ್ನ ಕೆಲಸ. ಕಡಲಲ್ಲಾದರೆ ಜೊತೆಗೊಬ್ಬರಿಲ್ಲದೆ ಮುಳುಗುವಂತಿಲ್ಲ. ಇಲ್ಲಿ ಜೊತೆ ಯಾರು? ಸೊಂಟಕ್ಕೊಂದು ಹಗ್ಗ, ದಡದಲ್ಲಿ ಅದನ್ನು ಹಿಡಿದ ನೀನು.

ಶಿಕಾರಿಪುರದಲ್ಲಿ ಹಗ್ಗ ಹೊಸೆದು ಮಾರುವವನು ನೀನು. ನಮ್ಮ ಕುರಿಗಳ ಕೊರಳಿನ ಹಗ್ಗವೆಲ್ಲ ನಿನ್ನಂಗಡಿಯದೇ. ಈಜು ಬಾರದ ನಿನ್ನನ್ನು ನೀರಿನ ದಡಕ್ಕೆ ಎಳೆತಂದವಳೂ ನಾನೇ. ಪ್ರತಿಸಲ ಗಂಟು ಹಾಕುವಾಗ ನೀನು ನಗುತ್ತಿದ್ದೆ—"ಕುರಿ ಕಟ್ಟೋ ಹಗ್ಗದಾಗ ನಿನ್ನ ಕಟ್ಟೀನಿ ನೋಡವ್ವಾ, ತಪ್ಪಿಸ್ಕೊಂಡು ಹೋಗಬ್ಯಾಡ!" ನಾನೂ ಕುರಿಯ ಹಾಗೆ ಅರಚಿ ನಗಿಸುತ್ತಿದ್ದೆ. ನಮ್ಮ ಲೆಕ್ಕ ಸುಲಭವಿತ್ತು: ನೀನು ಒಮ್ಮೆ ಜಗ್ಗಿದರೆ 'ಹೇಗಿದ್ದೀ', ನಾನು ಒಮ್ಮೆ ಜಗ್ಗಿದರೆ 'ಚೆನ್ನಾಗಿದ್ದೇನೆ'. ನಾನು ಮೂರು ಸಲ ಜಗ್ಗಿದರೆ 'ಕೆಲಸದಲ್ಲಿದ್ದೇನೆ, ಕರೆಯಬೇಡ, ಎಳೆಯಬೇಡ'.

ಆ ದಿನ ಮೋಟರ್ ಬೇಗನೆ ಸಿಕ್ಕಿತು. ಮಿಣಿ ಬಿಗಿದೆ, ಕೆಲಸ ಮುಗಿಯಿತು, ಮೇಲೆ ಬರಬೇಕಿತ್ತು. ಬರಲಿಲ್ಲ. ಅಣೆಕಟ್ಟಿಗೂ ಮೊದಲು ಅಲ್ಲಿ ಹರಿಯುತ್ತಿದ್ದ ಹಳ್ಳದ ಹಳೆಯ ಪಾತ್ರ ಎದುರಿಗೆ ಇಳಿಜಾರಾಗಿ ಇಳಿದಿತ್ತು—ಜಲಾಶಯದಲ್ಲಿ ಎಲ್ಲಕ್ಕಿಂತ ಆಳದ ಜಾಗ. ಅದರ ತಳ ಮುಟ್ಟಿದವಳು ಅನ್ನಿಸಿಕೊಳ್ಳಬೇಕು ಎಂಬ ಹುಚ್ಚು ನನಗೆ ಬಹಳ ದಿನದಿಂದ ಇತ್ತು. ಅದೂ ಒಬ್ಬಳೇ—ಯಾರ ಕಣ್ಗಾವಲೂ ಇಲ್ಲದೆ. ಸ್ವಲ್ಪ ದೂರಕ್ಕೆ ಹಗ್ಗ ಮುಗಿದು ಸೊಂಟ ಜಗ್ಗಿತು. ನಾನು ಮೂರು ಸಲ ಜಗ್ಗಿದೆ. ಆಮೇಲೆ ಗಂಟು ಬಿಚ್ಚಿ, ಹಗ್ಗದ ತುದಿಯನ್ನು ಅಲ್ಲೇ ಇದ್ದ ಮರದ ಬೊಡ್ಡೆಗೆ ಸುತ್ತಿ, ಹೊರಟುಬಿಟ್ಟೆ.

ಕೆಳಗೆ ಸುಖವಾಗಿತ್ತು, ಖಾದರಣ್ಣ. ಅದನ್ನೂ ಮುಚ್ಚಿಡುವುದಿಲ್ಲ. ಕತ್ತಲು, ಥಂಡಿ, ನನ್ನ ಉಸಿರಿನ ಸದ್ದು ಬಿಟ್ಟರೆ ಏನೂ ಇಲ್ಲ. ತಳ ಮುಟ್ಟಿದೆ, ಒಂದು ಹಿಡಿ ಕೆಸರೂ ತೆಗೆದುಕೊಂಡೆ. ತಿರುಗುವಷ್ಟರಲ್ಲಿ ನನ್ನ ಕಾಲಿನಿಂದಲೇ ರಾಡಿ ಎದ್ದು ನನ್ನ ಕೈ ನನಗೆ ಕಾಣದಾಯಿತು. ಬೊಡ್ಡೆ ಎಲ್ಲಿ, ಹಗ್ಗ ಎಲ್ಲಿ—ತಡಕಾಡಿದೆ, ಅತ್ತೆ. ಗಾಳಿ ಮುಗಿಯುತ್ತ ಬಂದಾಗ, ಆಳದಿಂದ ಒಮ್ಮೆಲೇ ಏರಬಾರದೆಂದು ಕಲಿತದ್ದೆಲ್ಲ ಮರೆತು ಮೇಲಕ್ಕೆ ನುಗ್ಗಿದೆ. ಎಲ್ಲೋ ದೂರದಲ್ಲಿ ತಲೆ ಎತ್ತಿದವಳನ್ನು ಮೀನು ಹಿಡಿಯುವವರು ತೆಪ್ಪಕ್ಕೆ ಎಳೆದುಕೊಂಡರು. ಕಿವಿಯಿಂದ ರಕ್ತ ಬರುತ್ತಿತ್ತು.

ಅಷ್ಟು ಹೊತ್ತು ನೀನು ಎಳೆಯದೆ ಕಾದಿದ್ದೆ, ಎಳೆಯಬೇಡ ಎಂದು ನಾನು ಮೂರು ಸಲ ಜಗ್ಗಿ ಹೇಳಿದ್ದೆನಲ್ಲ. ಕೊನೆಗೆ ತಡೆಯಲಾರದೆ ಎಳೆದಾಗ ಬೊಡ್ಡೆಗೆ ಸುತ್ತಿದ್ದು ಜಾರಿ ಬರೀ ತುದಿ ಬಂದಿತ್ತು. ಈಜು ಬಾರದ ನೀನು ನೀರಿಗೆ ಹಾರಿದ್ದೆ. ನಮ್ಮ ತೆಪ್ಪ ದಡಕ್ಕೆ ಬಂದಾಗ ನಿನ್ನನ್ನು ಇಬ್ಬರು ಅಂಗಿ ಹಿಡಿದು ನಿಲ್ಲಿಸಿದ್ದರು—ಕುತ್ತಿಗೆವರೆಗೂ ಒದ್ದೆ, ಕೈಯಲ್ಲಿ ಆ ತುದಿ. ಮೋಟರಿನ ಯಜಮಾನರು ಎಲ್ಲರೆದುರು ಕೇಳಿದರು: "ಗಂಟು ಹಾಕಿದ್ದು ಯಾರು ರೀ? ಹೆಣ್ಮಗಳ ಜೀವ ಹೋಗಿದ್ರೆ?"

ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ: "ಗಂಟು ಸಡಿಲ ಇತ್ತು."

ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ! ನೀನು ಜಗಳವಾಡಿದ್ದರೆ, ಇಲ್ಲ ಅಂದಿದ್ದರೆ... ನೀನು ಅಂದದ್ದು ಇಷ್ಟೇ: "ನನ್ನ ಕೈ ತಪ್ಪೈತಿ ಬಿಡವ್ವಾ. ನೀ ಬದುಕಿ ಬಂದಿ, ಸಾಕು." ಆ ಮೇಲೆ ನೀನು ದಡಕ್ಕೆ ಬರಲಿಲ್ಲ. ಬೇರೆಯವರು ಹಗ್ಗ ಹಿಡಿದರು, ನಾನು ಮುಳುಗುತ್ತಲೇ ಹೋದೆ, ಹೆಸರೂ ಬಂತು.

ಮೊನ್ನೆ ಮರಿಗಳಿಗೆ ಹಗ್ಗ ಬೇಕಾಗಿ ನಿನ್ನಂಗಡಿಗೆ ಬಂದೆ. ನೀನು ಕುಣಿಕೆ ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಆಮೇಲೆ ಒಳಗಿದ್ದ ಹೆಂಡತಿಯನ್ನು ಕರೆದೆ: "ಇಕಾ, ನೀ ಒಂದ್ಸಲ ಜಗ್ಗಿ ನೋಡು. ನನ್ನ ಗಂಟು ನಂಬಾಂಗಿಲ್ಲ." ಮುಮ್ತಾಜಕ್ಕ ಜಗ್ಗಿ ಕೊಟ್ಟಳು—ದಿನವೂ ಮಾಡುವ ಕೆಲಸದಂತೆ. ಅವಳು ತಲೆಯಾಡಿಸುವವರೆಗೆ ನೀನು ಉಸಿರು ಬಿಡಲಿಲ್ಲ. ನಾನು ಕಸಿದುಕೊಂಡದ್ದು ಏನೆಂದು ನನಗೆ ಆಗ ಕಂಡಿತು. ಹುಟ್ಟಿದಾಗಿನಿಂದ ಹಗ್ಗ ಹೊಸೆದ ಮನುಷ್ಯ ತನ್ನ ಕೈಯನ್ನೇ ನಂಬದಂತೆ ಮಾಡಿದ್ದೆ.

ನಾಳೆ ಅಂಬ್ಲಿಗೊಳದಲ್ಲಿ ಅದೇ ಯಜಮಾನರ ಕೆಲಸವಿದೆ. ಅವತ್ತು ಇದ್ದವರಲ್ಲಿ ಬಹಳ ಮಂದಿ ಇರುತ್ತಾರೆ. ಸಿಲಿಂಡರ್ ಮುಟ್ಟುವ ಮೊದಲು ಅವರೆಲ್ಲರೆದುರು ಇದನ್ನು ಹೇಳುತ್ತೇನೆ. ಆಮೇಲೆ ನನ್ನನ್ನು ಯಾರೂ ಕೆಲಸಕ್ಕೆ ಕರೆಯದಿದ್ದರೆ ಬೇಡ, ಕುರಿ ಇವೆ. ಅಲ್ಲಿಂದ ನೇರ ನಿನ್ನಂಗಡಿಗೆ ಬಂದು ಮುಮ್ತಾಜಕ್ಕನ ಎದುರೂ ಹೇಳುತ್ತೇನೆ. ನೀನು ಬೈಯಿ, ಬಾಗಿಲು ಹಾಕಿಕೋ. ಕ್ಷಮಿಸು ಎಂದು ಕೇಳುವುದಿಲ್ಲ, ಮತ್ತೆ ಹಗ್ಗ ಹಿಡಿ ಎಂದೂ ಕೇಳುವುದಿಲ್ಲ.

ನಿನಗೆ ಒಂದು ಮಾತ್ರ ಗೊತ್ತಿರಬೇಕು. ಆ ದಿನ ಗಂಟು ಬಿಚ್ಚಲು ಹೋದಾಗ ನನ್ನ ಬೆರಳಿಗೆ ಅದು ಬಗ್ಗಲಿಲ್ಲ. ಗ್ಲೌಸ್ ಕಳಚಿ ಎಳೆದೆ, ಉಗುರು ಕಿತ್ತುಬಂತು. ಕೊನೆಗೆ ಕಾಲಿಗೆ ಕಟ್ಟಿದ್ದ ಚಾಕು ತೆಗೆದು, ಮೊನೆ ತೂರಿಸಿ, ಇದ್ದಬದ್ದ ಬಲವೆಲ್ಲ ಹಾಕಿ ಮೀಟಿದೆ, ಖಾದರಣ್ಣ—ನಿನ್ನ ಗಂಟು ಅಷ್ಟು ಬಿಗಿಯಾಗಿತ್ತು.