ಖಣಿಯಲ್ಲಿ ಕೇಳಿದ ಟ್ರಂಪೆಟ್

ಕಣ್ಣಿಗೆ ಕಾಣದ್ದರ ಬಗ್ಗೆ ಯಾರಾದರೂ ಮಾತೆತ್ತಿದರೆ ನಾನು ನಕ್ಕುಬಿಡುತ್ತಿದ್ದೆ. ರೇಡಿಯೊ ರಿಪೇರಿ ಮಾಡುವವನು ನಾನು. ದನಿ ಬಂದರೆ ಅದರ ಹಿಂದೆ ವೈರ್ ಇರಲೇಬೇಕು ಎಂದು ವಾದಿಸುತ್ತಿದ್ದೆ. ಈಗ ಹಾಗೆ ವಾದಿಸುವ ಧೈರ್ಯವಿಲ್ಲ. ನೀವು ನಂಬದಿದ್ದರೆ ಬೇಸರವೂ ಇಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಲಗ್ನದ ದಿನಗಳಲ್ಲಿ ಬ್ಯಾಂಡಿನವರ ಜೊತೆ ಟ್ರಂಪೆಟ್ ಊದುತ್ತಿದ್ದೆ. ಅವೇ ಸಿನಿಮಾ ಹಾಡು ಊದಿ ಊದಿ ತಲೆ ಕೆಟ್ಟು, ಎರಡು ಹಳೆಯ ಟೇಪ್ ರೆಕಾರ್ಡರ್ ಬಿಚ್ಚಿ ಒಂದು ಯಂತ್ರ ಮಾಡಿಕೊಂಡೆ. ಮೈಕಿಗೆ ಒಂದು ಸ್ವರ ಊದಿದರೆ ಅದು ಅದನ್ನೇ ಹಿಡಿದು ಮತ್ತೆ ಮತ್ತೆ ಒದರುತ್ತಿತ್ತು, ಪ್ರತಿ ಸಲ ಇನ್ನಷ್ಟು ಹರಿದು, ಇನ್ನಷ್ಟು ಒರಟಾಗಿ. ಅದರ ಮೇಲೆ ನಾನು ಇನ್ನೊಂದು ಊದುತ್ತಿದ್ದೆ. ರಾಗವಿಲ್ಲ, ತಾಳವಿಲ್ಲ. "ಎಮ್ಮಿ ಕುತಗಿ ಹಿಚುಕಾಕತ್ತಿಯೇನಲೇ?" ಎಂದು ಓಣಿಯವರು ಬೈದರು. ಕೊನೆಗೆ ಅಕ್ಕನ ಗಂಡ ಶರಣಪ್ಪ ಮಾವ ಕೆಲಸ ಮಾಡುತ್ತಿದ್ದ ಕಲ್ಲಿನ ಖಣಿಯ ದಂಡೆಗೆ ಹೋಗತೊಡಗಿದೆ. ಅಲ್ಲಿನ ಗೋಡೆಗಳು ದನಿಯನ್ನು ಮೈಗೇ ಹೊಡೆದಂತೆ ತಿರುಗಿಸುತ್ತಿದ್ದವು. ನನಗೆ ಬೇಕಾದದ್ದೂ ಅದೇ.

ಮದ್ದು ಸಿಡಿಸುವ ಮೊದಲು ಖಣಿಯ ಭೋಂಗಾ, ಅಂದರೆ ಸೈರನ್, ಒಮ್ಮೆ ಉದ್ದಕ್ಕೆ ಕೂಗುತ್ತಿತ್ತು, ಎಲ್ಲರೂ ಅಡಗಬೇಕು. ಎಲ್ಲ ಸಿಡಿದ ಮೇಲೆ ಎರಡು ಸಲ ಚಿಕ್ಕದಾಗಿ ಕೂಗಿದರೆ ಹೊರಗೆ ಬರಬಹುದು.

ಆ ಮಧ್ಯಾಹ್ನ ಉದ್ದನೆಯ ಕೂಗು ಬಂದಾಗ ನಾನು ಯಂತ್ರದ ಬ್ಯಾಟರಿಯ ವೈರ್ ಕಿತ್ತು, ದಂಡೆಯ ಮೇಲೆ ಒಂದು ಬಂಡೆಗೆ ಆತು ಕೂತೆ. ಮದ್ದು ಸಿಡಿಯಿತು. ಸ್ವಲ್ಪ ಹೊತ್ತಿಗೆ ಎರಡು ಚಿಕ್ಕ ಕೂಗು ಕೇಳಿದವು. ಭೋಂಗಾ ಅಲ್ಲ, ಟ್ರಂಪೆಟ್. ನನ್ನದೇ ಟ್ರಂಪೆಟ್. ಹಿಂದೆಯೇ ನನ್ನ ಯಂತ್ರ ಅದನ್ನು ಹರಿದು ಹರಿದು ಒದರತೊಡಗಿತು. ವೈರ್ ನನ್ನ ಮುಷ್ಟಿಯಲ್ಲಿತ್ತು. ಕೆಳಗೆ ಮಾವ ಅದನ್ನೇ ಭೋಂಗಾದ ಕೂಗೆಂದು ತಿಳಿದು ಎಲ್ಲರಿಗಿಂತ ಮೊದಲು ಹೊರಬಂದರು. ಸಿಡಿಯದೆ ಉಳಿದಿದ್ದ ಒಂದು ಮದ್ದು ಆಗ ಸಿಡಿಯಿತು.

ಅವರ ಬಲಗೈ ಮೊಣಕೈವರೆಗೆ ಹೋಯಿತು. ನಾನು ಇಳಿದು ಅವರ ಬಳಿ ಓಡುವಷ್ಟರಲ್ಲಿ ಕೂಲಿಯವರು ನನ್ನನ್ನು ಹಿಡಿದರು. "ಇವ್ನೇ ಊದ್ಯಾನ, ಬಿಡಬ್ಯಾಡ್ರಿ!" ಸುತ್ತಿಗೆಯ ಹಿಡಿಯಿಂದ ಹೊಡೆದರು. ಎರಡು ಪಕ್ಕೆಲುಬು ಮುರಿದವು, ಮುಂದಿನ ಹಲ್ಲು ಉದುರಿದವು. ಟ್ರಂಪೆಟ್, ಯಂತ್ರ ಎರಡನ್ನೂ ಬಂಡೆಯ ಮೇಲಿಟ್ಟು ಜಜ್ಜಿದರು. ರಕ್ತದಲ್ಲಿ ಬಿದ್ದಿದ್ದ ಮಾವ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

ಏಳೆಂಟು ವರ್ಷ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಅದರಿಂದ ನನಗೆ ಹಲ್ಲು ಹೋದದ್ದಕ್ಕಿಂತ ಹೆಚ್ಚು ನೋವಾಯಿತು. ಊದಿಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು. ಅಕ್ಕ ಮತ್ತೆ ಮಾತಾಡಿದರೆ ಸಾಕೆಂದು ಒಂದು ದಿನ ಚಿತ್ತಾಪುರದ ಅವರ ಮನೆಗೆ ಹೋಗಿ ಮಾವನ ಕಾಲು ಹಿಡಿದೆ. "ನಾನೇ ಊದಿದ್ನಿರಿ ಮಾವ. ತಪ್ಪಾತು."

ಅವರು ಎಡಗೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. "ಸುಳ್ಳ್ಯಾಕ ಹೇಳ್ತಿ ತಮ್ಮಾ? ನಾ ಹೊರಗ ಬಂದಾಗ ಮ್ಯಾಲ ನೋಡಿದ್ನಿ. ಟ್ರಂಪೆಟ್ ನಿನ್ನ ತೊಡಿ ಮ್ಯಾಲಿತ್ತು. ದನಿ ಇನ್ನಾ ಬರಾಕತ್ತಿತ್ತು."

"ಮತ್ತ ಅವ್ರು ನನ್ನ ಹೊಡ್ಯಾಕತ್ತಾಗ ಯಾಕ ಹೇಳ್ಲಿಲ್ರಿ?"

"ನೀ ಅಲ್ಲಂದ್ರ ಮತ್ಯಾರು ಅಂತ ಕೇಳ್ತಿದ್ರು. ನಂಗ ಭಾಳ ಅಂಜಿಕಿ ಬಂದಿತ್ತು."

ಅವರನ್ನು ಅಲ್ಲೇ ಕೊಂದುಬಿಡುವಷ್ಟು ಸಿಟ್ಟು ಬಂತು. ಒಳಗಿದ್ದ ಅಕ್ಕನಿಗೆ ಎಲ್ಲ ಕೇಳಿಸಿತ್ತು. ಹೊರಗೆ ಬಂದು ನನ್ನ ಮುಂದೆ ಚಹಾ ಇಟ್ಟು, "ಕುಡಿ" ಎಂದಳು. ಹಾಗಾದರೆ ಊದಿದ್ದು ಯಾರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನನಗೆ ಇಂದಿಗೂ ಗೊತ್ತಿಲ್ಲ.