ಬೆಳಗಾವಿಗೆ ರೊಟ್ಟಿ ಒಯ್ದ ಅಪ್ಪ

ಮೊನ್ನೆ ಪರಿಚಯದವರೊಬ್ಬರು ಬೈಕಿನಲ್ಲಿ ಲಡಾಖಿಗೆ ಹೋಗಿಬಂದ ಫೋಟೋ ಹಾಕಿದ್ದರು. ಹೆಲ್ಮೆಟ್ಟಿಗೆ ಕ್ಯಾಮರಾ, ಮೊಣಕಾಲಿಗೆ ಕವಚ, ಹಿಂದಿನಿಂದ ಸಾಮಾನು ಹೊತ್ತ ವ್ಯಾನ್. ಲೈಕ್ ಒತ್ತಿದೆ, ಅಪ್ಪನ ನೆನಪಾಯಿತು. ಎಂಬತ್ತರ ದಶಕದಲ್ಲಿ ಮಂಗಳೂರಿನಿಂದ ಬೆಳಗಾವಿಗೆ ಒಬ್ಬರೇ ಬುಲೆಟ್ಟಿನಲ್ಲಿ ಹೋದ ಮನುಷ್ಯ ಅವರು. ತಲೆಗೆ ಮಫ್ಲರು, ಹಿಂದಿನ ಸೀಟಿಗೆ ಕಟ್ಟಿದ್ದು ರೊಟ್ಟಿ.

ಕೋಳಿ ಸಾರಿಗೆ ಮುರಿದು ಹಾಕಿಕೊಳ್ಳುವ, ಹಪ್ಪಳಕ್ಕಿಂತಲೂ ತೆಳ್ಳಗಿನ ನಮ್ಮ ಒಣ ಅಕ್ಕಿ ರೊಟ್ಟಿ. ಸಾರಿನ ಜೊತೆ ಸೇರಿದರೆ ಅದೇ ನಮ್ಮ ಕೋರಿ ರೊಟ್ಟಿ. ಬೆರಳು ಒತ್ತಿದರೆ ಸಾಕು, ಪುಡಿ. ಅದನ್ನು ಬೈಕಿಗೆ ಕಟ್ಟಿ ಘಟ್ಟ ಹತ್ತುವ ಯೋಚನೆ ನಮ್ಮೂರಿನವರನ್ನು ಬಿಟ್ಟು ಇನ್ಯಾರಿಗೂ ಬರಲಿಕ್ಕಿಲ್ಲ.

ಅದಕ್ಕೆ ಕಾರಣ ಕೊಡಿಯಾಲ್‌ಬೈಲಿನಲ್ಲಿದ್ದ ಸೋದರಮಾವನ ಮನೆಯ ಒಂದು ಭಾನುವಾರದ ಊಟ.

ನಮ್ಮದು ಅಳಿಯಕಟ್ಟಿನ ಕುಟುಂಬ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರನ್ನು ಗದರುವುದೂ ತಿದ್ದುವುದೂ ಸೋದರಮಾವ. ಹೆತ್ತ ಅಪ್ಪ ಆ ಮನೆಯಲ್ಲಿ ಬರೀ ‘ಬಾವ’, ಬಂದು ಉಂಡು ಹೋಗುವ ನೆಂಟ. ಸಾಲದ್ದಕ್ಕೆ ನಮ್ಮ ಅಪ್ಪ ಬಂದರಿನಲ್ಲಿ ಮಾವನ ಗೋದಾಮನ್ನೇ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಬಾಯಿಗೆ ಎರಡು ಬೀಗ.

ಆ ದಿನ ಪಂಕ್ತಿಯಲ್ಲಿ ಅಪ್ಪನ ಪಕ್ಕ ಅಣ್ಣ, ಅವನ ಪಕ್ಕ ನಾನು. ಅಣ್ಣ ಪಿಯುಸಿಯಲ್ಲಿ ಎರಡನೇ ಸಲ ಫೇಲಾಗಿದ್ದ. ಮಾವ ಎದುರಿನ ಸಾಲಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದರು. (ನಮ್ಮ ಮಾತೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

“ಎಂತದಾ, ರೊಟ್ಟಿ ಮುರಿಯುವಾಗ ಕೈ ಇಷ್ಟು ಸ್ಪೀಡ್ ಉಂಟಲ್ಲ, ಪರೀಕ್ಷೆ ಹಾಲಿನಲ್ಲಿ ಎಂತ ಆಗ್ತದೆ ಅದಕ್ಕೆ? ಬಡಿಸಿ, ಬಡಿಸಿ ಅವನಿಗೆ. ಇದೊಂದರಲ್ಲಿ ಫಸ್ಟ್ ಕ್ಲಾಸ್!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಣ್ಣ ಅರ್ಧ ಊಟದಲ್ಲಿ, ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ಪಕ್ಕದಲ್ಲಿ ಖಾಲಿ ಜಾಗ, ಅದರ ಎದುರಿನ ಎಲೆಯಲ್ಲಿ ಸಾರಿನಲ್ಲಿ ಮೆತ್ತಗಾಗುತ್ತಿದ್ದ ರೊಟ್ಟಿ.

ಅಣ್ಣ ಕಂಕನಾಡಿಯ ನಮ್ಮ ಬಾಡಿಗೆ ಮನೆಗೂ ಬರಲಿಲ್ಲ. ಕೆಲವು ವಾರಗಳ ಮೇಲೆ ಗೊತ್ತಾಯಿತು, ಬೆಳಗಾವಿಯಲ್ಲಿ ಸೈನ್ಯಕ್ಕೆ ಸೇರಿದ್ದಾನೆಂದು. ತರಬೇತಿ ಮುಗಿಯಿತು, ರಜೆಯೂ ಸಿಕ್ಕಿತಂತೆ. ಅವನು ಬರಲಿಲ್ಲ. ಅಮ್ಮ ಅಳುತ್ತಿದ್ದಳು. ಮನೆಯಲ್ಲಿ ರೊಟ್ಟಿ ಮಾಡಿದ ದಿನ ಅಪ್ಪ ಹಸಿವಿಲ್ಲ ಎನ್ನುತ್ತಿದ್ದರು.

ಅಷ್ಟರಲ್ಲಿ ರಜೆಗೆ ಬಂದ ಪಕ್ಕದ ಮನೆಯ ಸೈನಿಕ ಸುದ್ದಿ ತಂದ: ಅಣ್ಣನ ತುಕಡಿಯನ್ನು ಸದ್ಯದಲ್ಲೇ ಉತ್ತರದ ಗಡಿಗೆ, ಹಿಮದ ಕಡೆಗೆ ಕಳಿಸುತ್ತಾರೆ. ಅಪ್ಪ ಮರುದಿನವೇ ಬುಲೆಟ್ಟು ತೊಳೆಯಲು ಕೂತರು. ಅಲ್ಲಿಯವರೆಗೆ ಅದು ಉಡುಪಿ ದಾಟಿದ್ದೇ ಇಲ್ಲ.

“ಬಸ್ ಉಂಟಲ್ಲ ಬಾವ, ಈ ಪ್ರಾಯದಲ್ಲಿ ಎಂತ ಸರ್ಕಸ್ ಮಾರಾಯ್ರೇ?” ಎಂದರು ಮಾವ.

“ಬಸ್ಸಿನ ಟಾಪಿಗೆ ಹಾಕಿದ್ರೆ ರೊಟ್ಟಿ ಹುಡಿ ಆಗ್ತದೆ,” ಎಂದರು ಅಪ್ಪ.

ಅಮ್ಮ ಒಳಗಿನಿಂದ ನನಗೆ ಮಾತ್ರ ಕೇಳುವಂತೆ ಹೇಳಿದಳು: “ಬೈಕೇ ಒಳ್ಳೇದು. ಬಸ್ಸಾದ್ರೆ ಧೈರ್ಯ ಸಾಲದೆ ಉಡುಪಿಯಲ್ಲಿ ಇಳಿದು ವಾಪಸ್ ಬರ್ತಾರೆ ಇವರು.”

ಅಂಕೋಲದ ಹತ್ತಿರ ಕಾಲವಲ್ಲದ ಕಾಲದ ಮಳೆ ಹೊಡೆಯಿತಂತೆ. ಅಪ್ಪ ರೈನ್‌ಕೋಟು ಬಿಚ್ಚಿ ರೊಟ್ಟಿಯ ಡಬ್ಬಕ್ಕೆ ಸುತ್ತಿ, ತಾವು ತೊಯ್ದುಕೊಂಡೇ ಅರಬೈಲು ಘಟ್ಟ ಹತ್ತಿದರು. ಯಲ್ಲಾಪುರದಲ್ಲಿ ಜ್ವರ. ಲಾಡ್ಜಿನಲ್ಲಿ ಮಲಗಿ ಎದ್ದು ಮತ್ತೆ ಹೊರಟರು. ಧಾರವಾಡ ದಾಟಿದ ಮೇಲೆ ಒಂದೆಡೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿಬಿಡೋಣ ಅಂತಲೂ ಅನ್ನಿಸಿತಂತೆ. “ಎಂತ ಹೇಳುದು ಅವನಿಗೆ ಅಂತಲೇ ಗೊತ್ತಿರ್ಲಿಲ್ಲ,” ಎಂದು ಅಮ್ಮನ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ.

ಮುಂದಿನದನ್ನು ಅಪ್ಪನೂ ಹೇಳಿದ್ದಾರೆ, ಅಣ್ಣನೂ ಹೇಳಿದ್ದಾನೆ. ಇಬ್ಬರ ಕತೆಯೂ ಒಂದೇ.

ಕ್ಯಾಂಪಿನ ಗೇಟಿಗೆ ಅಣ್ಣ ಓಡಿಬಂದ. ಬೋಳಿಸಿದಂಥ ತಲೆ, ಸುಟ್ಟು ಕಪ್ಪಾದ ಮುಖ.

“ಅಮ್ಮನಿಗೆ ಎಂತ ಆಯ್ತು?”

“ಎಂತದೂ ಆಗ್ಲಿಲ್ಲ.”

“ಮತ್ತೆ ನೀವು ಯಾಕೆ ಬಂದದ್ದು?”

“ರೊಟ್ಟಿ ತಂದೆ.”

ಮರದಡಿಯ ಬೆಂಚಿನಲ್ಲಿ ಡಬ್ಬ ಬಿಚ್ಚಿದರು. ಒಂದು ಹನಿ ನೀರು ತಾಗಿರಲಿಲ್ಲ. ಆದರೆ ಒಂದಾದರೂ ಇಡೀ ರೊಟ್ಟಿ ಇರಲಿಲ್ಲ. ಡಬ್ಬದ ತುಂಬ ರವೆಯ ಹಾಗೆ ಪುಡಿ.

ಅಣ್ಣ ಒಳಗೆ ಹೋಗಿ ಮಗ್ಗಿನಲ್ಲಿ ಮೆಸ್ಸಿನ ಬೇಳೆ ಸಾರು ತಂದ, ಪುಡಿಯನ್ನು ಅದಕ್ಕೆ ಸುರಿದ. “ಕೋಳಿ ಇಲ್ಲ, ರೊಟ್ಟಿಯೂ ಇಲ್ಲ. ಆದ್ರೂ ಕೋರಿ ರೊಟ್ಟಿ,” ಎಂದು ನಕ್ಕ. ಅಪ್ಪ ನಗಲಿಲ್ಲ.

“ಮಗಾ, ಆ ದಿನ ಮಾವ ಹಾಗೆ ಹೇಳಬಾರದಿತ್ತು.”

“ಅದು ನನಗೆ ಮರೆತೇ ಹೋಗಿದೆ ಅಪ್ಪ. ಅವರು ಯಾರಿಗೆ ಹೇಳ್ಲಿಲ್ಲ?” ಅಣ್ಣ ಚಮಚ ತಿರುಗಿಸುತ್ತ ಹೇಳಿದ. “ನಾನು ಮಾವನ ಮನೆ ಗೇಟಿನ ಹತ್ತಿರ ನಿಂತಿದ್ದೆ, ಕೈ ಸಹ ತೊಳೀದೆ. ನೀವು ಬರ್ತೀರಿ, ಕರೀತೀರಿ ಅಂತ. ಕೈ ಒಣಗಿತು. ಮತ್ತೆ ಅಲ್ಲಿಂದ ಹೊರಟೆ.”

“ಬಂದಿದ್ದೆ,” ಎಂದರು ಅಪ್ಪ. “ಊಟ ಮುಗಿಸಿ ಬಂದೆ. ನೀನು ಇರ್ಲಿಲ್ಲ.”

ಅಣ್ಣ ಮಗ್ಗಿನಲ್ಲಿದ್ದದ್ದನ್ನು ಪೂರ್ತಿ ತಿಂದ. ಅಪ್ಪ ಕೊನೆಯ ಚಮಚದವರೆಗೂ ನೋಡುತ್ತ ಕೂತರು. ಎದ್ದಾಗ ಅಣ್ಣ ಅಪ್ಪನ ಹಣೆ ಮುಟ್ಟಿ, “ಜ್ವರ ಉಂಟು, ಹುಚ್ಚಾ ನಿಮಗೆ?” ಎಂದು ಬೈದು ಮಾತ್ರೆ ತಂದುಕೊಟ್ಟನಂತೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಉತ್ತರಕ್ಕೆ ಹೋಗುವ ಮೊದಲು ಅವನು ಊರಿಗೆ ಬಂದ. ಭಾನುವಾರ ಮಾವನ ಮನೆಯಲ್ಲೇ ಊಟ. ಈಗ ಅಪ್ಪ ಎದ್ದು ನಿಂತು ಮಾವನಿಗೆ ನಾಲ್ಕು ಮಾತು ಹೇಳಿದರು ಎಂದು ಬರೆದರೆ ನಿಮಗೆ ಖುಷಿಯಾದೀತು. ಹಾಗೆ ಆಗಲಿಲ್ಲ. ಅಪ್ಪ ಮಾವನಿಗೆ ಒಂದು ಮಾತೂ ಅನ್ನಲಿಲ್ಲ, ಆಮೇಲೆಯೂ ಅನ್ನಲಿಲ್ಲ. ಆದರೆ ಪಂಕ್ತಿಗೆ ಕೂರಲಿಲ್ಲ. ಅಡುಗೆಮನೆಯಿಂದ ರೊಟ್ಟಿಯ ತಟ್ಟೆ ತೆಗೆದುಕೊಂಡು ಬಂದು ಅಣ್ಣನ ಎಲೆಯ ಎದುರು ನಿಂತುಬಿಟ್ಟರು. ಬಾವನಾದವನು ಆ ಮನೆಯಲ್ಲಿ ಬಡಿಸುವುದೆಂದರೆ ಮರ್ಯಾದೆ ಕೆಟ್ಟ ಹಾಗೆ. ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು.

“ಎಂತ ಬಾವ ಇದು? ಕೂತ್ಕೊಳ್ಳಿ, ಕೂತ್ಕೊಳ್ಳಿ.”

“ಇವನದ್ದು ಆಗ್ಲಿ.”

ಅಣ್ಣ ನಿಧಾನವಾಗಿ ಉಂಡ. ಪಂಕ್ತಿಯಲ್ಲಿ ಯಾರೂ ನಗಲಿಲ್ಲ. ಅವನು ಕೈ ತೊಳೆದು ಬಂದ ಮೇಲೆಯೇ ಅಪ್ಪ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತು ಉಂಡರು.

ಅಣ್ಣ ಆಮೇಲೆ ಪ್ರತಿ ರಜೆಗೂ ಬಂದ, ನಿವೃತ್ತನಾಗಿ ಈಗ ಇಲ್ಲೇ ಇದ್ದಾನೆ. ಅಪ್ಪನಿಗೆ ಮಾತ್ರ ಆ ಮೊದಲಿನ ಭಾನುವಾರ ಮುಗಿಯಲೇ ಇಲ್ಲ. ಕೊನೆಯವರೆಗೂ ಊಟದ ನಡುವೆ ನಮ್ಮಲ್ಲಿ ಯಾರಾದರೂ ಉಪ್ಪು ತರಲು ಎದ್ದರೂ ಅವರ ಕೈ ಎಲೆಯ ಮೇಲೆ ನಿಂತುಬಿಡುತ್ತಿತ್ತು. “ಉಪ್ಪಿಗೆ ಎದ್ದದ್ದು ಅಪ್ಪ,” ಎಂದು ಹೇಳಿ ನಾವು ಮತ್ತೆ ಕೂರಬೇಕಿತ್ತು. ಆಮೇಲೆಯೇ ಮುಂದಿನ ತುತ್ತು.